ಮಂಡಕ್ಕಿಗೆ ನೆಗಡಿ, ‘ಸಾರಿ’ ಹೇಳಿದ್ದು ನಾನು

‘ಸಾರಿ ಸರ್’ ಅಂದುಬಿಟ್ಟೆ ನಾನು. ಅದೊಂದು ಗಂಟಲಲ್ಲಿ ಸಿಕ್ಕಿಕೊಂಡಿದೆ, ಇಳೀತಾನೇ ಇಲ್ಲ. ತಪ್ಪು ಹೇಳಿದವನು ರಿಜಿಸ್ಟರ್‌ನಲ್ಲಿ ಗೆರೆ ಎಳೆಯುತ್ತಾ ಕೂತಿದ್ದ. ಸಾರಿ ಕೇಳಿದ್ದು ಮಾತ್ರ ನಾನು!

ನಿಟ್ಟುವಳ್ಳಿಯಿಂದ ನಮ್ಮ ಬೆಕ್ಕು ಮಂಡಕ್ಕಿಯನ್ನು ತರಕಾರಿ ಬುಟ್ಟಿಯಲ್ಲಿ ಟವೆಲ್ ಹಾಸಿ, ಮೇಲೊಂದು ದುಪಟ್ಟಾ ಕಟ್ಟಿ ತಂದಿದ್ದೆ. ಆಟೋದವನು ಬೇರೆ ‘ಬೆಳಬೆಳಿಗ್ಗೆ ಬೆಕ್ಕು’ ಅಂತ ಗೊಣಗಿದ. ಅದನ್ನು ಬಿಡಿ. ಕ್ಲಿನಿಕ್‌ನಲ್ಲಿ ಹದಿನೈದು ಜನ, ಎಲ್ಲರದ್ದೂ ನಾಯಿಗಳೇ. ಅಷ್ಟು ಜನರ ಮಧ್ಯೆ ಕೌಂಟರ್‌ನ ಹುಡುಗ ಚೀಟಿ ಹಿಡಿದು ಕೂಗಿದ: ‘ಮಂಡಕ್ಕಿ ಯಾರ್ದು ರೀ? ಮಿರ್ಚಿ ತಂದಿಲ್ವಾ?’ ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕೆ, ಅದೇ ಹೊಟ್ಟೆ ಉರಿಯೋದು. ಬಿಳೀ ಬೆಕ್ಕಿಗೆ ದಾವಣಗೆರೆಯಲ್ಲಿ ಇನ್ನೇನು ಹೆಸರಿಡಬೇಕಿತ್ತು?

ಏನಾಗಿದೆ ಅಂದ. ನೆಗಡಿ ಅಂದೆ. ‘ಬೆಕ್ಕಿನ ನೆಗಡಿಗೆ ಡಾಕ್ಟರ್ ಯಾಕ್ರೀ? ಅರ್ಧ ಪ್ಯಾರಾಸಿಟಮಾಲ್ ಹಾಕಿ ಮಲಗಿಸಿ.’ ಮತ್ತೆ ನಗು.

ಒಳಗೆ ಹೋದಾಗ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇಲ್ಲ, ‘ಸರ್, ಅರ್ಧ ಪ್ಯಾರಾಸಿಟಮಾಲ್ ಸಾಕಾ?’ ಅಂತ ಕೇಳಿದೆ. ಅಷ್ಟೇ, ಡಾಕ್ಟರು ಸ್ಟೆತೋಸ್ಕೋಪ್ ಕಿತ್ತು ಮೇಜಿನ ಮೇಲಿಟ್ಟರು. ‘ಬೆಕ್ಕಿಗೆ ಅದು ವಿಷ ಕಣಮ್ಮಾ! ಅದರ ಲಿವರ್‌ಗೆ ಆ ಮಾತ್ರೆ ಅರಗಿಸೋ ಶಕ್ತಿನೇ ಇಲ್ಲ. ರಕ್ತ ಕೆಡುತ್ತೆ, ವಸಡು ಕಂದುಬಣ್ಣಕ್ಕೆ ತಿರುಗುತ್ತೆ, ಅರ್ಧ ಮಾತ್ರೆಗೇ ಸಾಯಬಹುದು. ಓದಿದವರಲ್ವಾ ನೀವು?’ ಬಾಗಿಲು ತೆರೆದೇ ಇತ್ತು. ಹೊರಗೆ ಎಲ್ಲರಿಗೂ ಕೇಳಿತು. ಹೇಳಿದ್ದು ನಿಮ್ಮ ಹುಡುಗನೇ ಅಂತ ಬೆರಳು ತೋರಿಸೋದು ಬಿಟ್ಟು, ‘ಸಾರಿ ಸರ್’ ಅಂದೆ. ಎರಡು ಸಲ. ಸುಮ್ನೆ ಎರಡನೇ ಸಲ ಯಾಕೆ ಅಂದೆ ಅಂತ ನನಗೇ ಗೊತ್ತಿಲ್ಲ.

ಡಾಕ್ಟರು ಒಳ್ಳೆಯವರೇ, ಸುಳ್ಳು ಹೇಳಬಾರದು. ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್ ಇರಬೇಕು, ಬರೆದುಕೊಟ್ಟ ಡಾಕ್ಸಿಸೈಕ್ಲಿನ್ ಮಾತ್ರೆ ವೈರಸ್ಸಿಗಲ್ಲ, ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾಕ್ಕೆ ಅಂತ ಬಿಡಿಸಿ ಹೇಳಿದರು. ಮಾತ್ರೆ ಹಾಕಿದ ಮೇಲೆ ಸಿರಿಂಜಲ್ಲಿ ನೀರು ಕುಡಿಸಲೇಬೇಕಂತೆ, ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತಂತೆ. ಆಮೇಲೆ ‘ಲಸಿಕೆ ಹಾಕಿಸಿದ್ದೀರಾ?’ ಅಂದರು. ನಾನು ಬುಟ್ಟಿ ನೋಡಿದೆ. ಮರಿಗೆ ಆರೆಂಟು ವಾರ ಆದಾಗ ಶುರುಮಾಡಿ, 3–4 ವಾರಕ್ಕೊಂದರಂತೆ 16 ವಾರದವರೆಗೆ ಹಾಕಿಸಬೇಕಿತ್ತು. ಮನೇಲೇ ಇರೋ ಬೆಕ್ಕು ಅಲ್ವಾ ಅಂತ ಮುಂದೂಡಿದವಳು ನಾನು. ಮೋರಿ ಹತ್ತಿರ ಸೀನುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದು ಇವನ ಪಕ್ಕ ಮಲಗಿಸಿದವಳೂ ನಾನೇ. ಹಾಗಾದರೆ ಆ ಹುಡುಗನ ಮೇಲೆ ಯಾಕೆ ಸಿಟ್ಟು? ಇಲ್ಲ ಇಲ್ಲ, ಸಿಟ್ಟು ಬರಲೇಬೇಕು. ನಾನು ಕೇಳದೇ ಬಂದಿದ್ದರೆ? ಮನೆಯಲ್ಲಿ ಪ್ಯಾರಾಸಿಟಮಾಲ್ ಸ್ಟ್ರಿಪ್ ಇದೆ, ಫ್ರಿಜ್ ಮೇಲೇ ಇದೆ! ಯಾರಾದರೂ ಉತ್ತರ ಹೇಳಿ, ಕೌಂಟರ್‌ನಲ್ಲಿ ಚೀಟಿ ಬರೆಯೋನಿಗೆ ಔಷಧಿ ಹೇಳೋಕೆ ಯಾರು ಹೇಳಿದ್ದು?

ನಕ್ಕವರು ಒಂದು ಸಲ ಇವನನ್ನು ನೋಡಬೇಕಿತ್ತು. ಎಡಗಣ್ಣು ಪಿಸುರು ಕಟ್ಟಿ ಮುಚ್ಚಿಹೋಗಿತ್ತು. ಮೂಗಿನ ತುದಿಯಲ್ಲಿ ಗುಳ್ಳೆ ಉಬ್ಬುತ್ತೆ, ಒಡೆಯುತ್ತೆ. ಮೀನಿನ ತಟ್ಟೆ ಮುಂದೆ ಕೂತು ಮೂಸುತ್ತಾನೆ, ವಾಸನೆ ಬರಲ್ಲ, ನನ್ನ ಮುಖ ನೋಡುತ್ತಾನೆ. ವಾಸನೆ ಇಲ್ಲದೆ ಬೆಕ್ಕು ತಿನ್ನಲ್ಲ ರೀ. ಎರಡು ಮೂರು ದಿನ ಹೊಟ್ಟೆಗಿಲ್ಲದಿದ್ದರೆ ಲಿವರ್‌ಗೇ ಕುತ್ತು. ಸುಮ್ನೆ ನೆಗಡಿಯಂತೆ.

ಈಗ ರಾತ್ರಿ ಹನ್ನೊಂದು. ಬಾತ್‌ರೂಮ್ ಬಾಗಿಲು ಹಾಕಿ, ಬಿಸಿನೀರು ಬಿಟ್ಟು, ಹಬೆಯಲ್ಲಿ ಇಬ್ಬರೂ ಕೂತಿದ್ದೇವೆ. ಹೊರಗಿನಿಂದ ಅವ್ವ, ‘ನಿನಗೆ ನೆಗಡಿ ಆದಾಗ ನಾನೂ ಇಷ್ಟು ಮಾಡಿರಲಿಲ್ಲ’ ಅಂತಿದ್ದಾಳೆ. ಮೀನು ಬೇಯಿಸಿದ ನೀರನ್ನು ಬೆಚ್ಚಗೆ ಮಾಡಿ ಬೆರಳಲ್ಲಿ ಹಚ್ಚಿದೆ. ಎರಡು ಸಲ ನೆಕ್ಕಿದ. ಮೂರನೇ ಸಲ ನನ್ನ ಮುಖಕ್ಕೇ ಸೀನಿದ.

ಸೋಮವಾರ ಮತ್ತೆ ತೋರಿಸಬೇಕಂತೆ. ಚೀಟಿಯಲ್ಲಿ ಹೆಸರು ಮಂಡಕ್ಕಿ ಅಂತಲೇ ಇದೆ. ಕೂಗೋನೂ ಅವನೇ.