ಜ್ವರವೆಂದು ಬರೆದ ರಜಾ ಅರ್ಜಿ

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಭಾನುವಾರ ರಾತ್ರಿ ನನಗೆ ವಾಂತಿ ಶುರುವಾಯಿತು. ಬೆಳಗಿನ ಜಾವಕ್ಕೆ ಭೇದಿಯೂ ಜೊತೆಗೂಡಿ, ಸೋಮವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ತಾನಾಗಿಯೇ ನಿಂತಿತು. ಮಂಗಳವಾರ ಎದ್ದಾಗ ಕಾಲಿನಲ್ಲಿ ತುಸು ನಿಶ್ಶಕ್ತಿ ಇದ್ದುದನ್ನು ಬಿಟ್ಟರೆ ಬೇರೆ ತೊಂದರೆಯಿರಲಿಲ್ಲ. ಆಗಲೇ ಒಂದು ದಿನದ ರಜೆ ಆಗಿತ್ತು. ಇನ್ನೊಂದು ದಿನ ಹಾಕಿದರೆ ಹೊಸದಾಗಿ ಸೇರಿದವನು ನೆಪ ಹೂಡುತ್ತಿದ್ದಾನೆ ಎಂದುಕೊಂಡಾರು ಎಂಬ ಅಳುಕಿನಿಂದ ಸ್ನಾನ ಮಾಡಿ ಕಚೇರಿಗೆ ಹೊರಟೆ. ನನ್ನ ಮೇಲ್ವಿಚಾರಕಿ ಕ್ಷೇಮ ವಿಚಾರಿಸಿ, ಕೊನೆಯ ಸಲ ಆದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ನಿನ್ನೆ ಮಧ್ಯಾಹ್ನ ಎರಡಕ್ಕೆ ಎಂದೆ. ಅವರು ಬೆರಳು ಮಡಿಚಿ ಎಣಿಸಿ, ಹಾಗಾದರೆ ಗುರುವಾರ ಬನ್ನಿ ಎಂದು ನಯವಾಗಿ ಬಾಗಿಲು ತೋರಿಸಿದರು.

ಅಂದು ನನಗೆ ಅವಮಾನವೇ ಆಯಿತು. ಕಷ್ಟಪಟ್ಟು ಎದ್ದು ಬಂದವನಿಗೆ ಒಂದು ಒಳ್ಳೆಯ ಮಾತು ಸಿಗುತ್ತದೆ ಎಂದು ಎಣಿಸಿದ್ದೆ. ನಮ್ಮ ಕಡೆಯ ಕಚೇರಿಗಳಲ್ಲಿ ಬಾಡಿದ ಮುಖ ಹೊತ್ತು ಬಂದವನನ್ನು ನೋಡಿ 'ಪಾಪ, ಇಂಥದ್ದರಲ್ಲೂ ಬಂದಿದ್ದಾನೆ' ಎನ್ನುತ್ತಾರೆ. ಆ 'ಪಾಪ'ದಲ್ಲಿ ಕನಿಕರಕ್ಕಿಂತ ಮೆಚ್ಚುಗೆಯೇ ಹೆಚ್ಚು. ಇಲ್ಲಿ ನನ್ನ ಕಷ್ಟವನ್ನು ಯಾರೂ ತೂಗಲಿಲ್ಲ, ಗಡಿಯಾರವನ್ನಷ್ಟೇ ನೋಡಿದರು. ವಾಂತಿಭೇದಿ ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಕೆಲಸಕ್ಕಾಗಲಿ ಶಾಲೆಗಾಗಲಿ ಹೋಗಬಾರದು ಎಂಬುದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಲಹೆಯಾಗಿದ್ದು, ಅದು ಇಲ್ಲಿ ಶಾಲೆಗೆ ಹೋಗುವ ಮಕ್ಕಳ ತಾಯ್ತಂದೆಯರಿಗೆಲ್ಲ ಬಾಯಿಪಾಠವಾಗಿದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಮನೆಗೆ ಬಂದು ಮಲಗಿ ಯೋಚಿಸುವಾಗ, ಈ ಲೆಕ್ಕ ನಮಗೆ ತೀರ ಅಪರಿಚಿತವಾದದ್ದೇನಲ್ಲ ಎನಿಸಿತು. ಸೂತಕದ ದಿನಗಳನ್ನು ಎಣಿಸುವಾಗ ಯಾರೂ 'ನಿನಗೀಗ ಹೇಗನ್ನಿಸುತ್ತಿದೆ' ಎಂದು ಕೇಳುವುದಿಲ್ಲ. ದುಃಖ ಎರಡೇ ದಿನಕ್ಕೆ ಇಳಿದರೂ ಎಣಿಕೆ ಮುಗಿಯಬೇಕು. ಮೈಲಿಗೆಯ ಹೆಸರಿನಲ್ಲಿ ನಮ್ಮವರು ನಮ್ಮವರಿಗೇ ಮಾಡಿದ ಅನ್ಯಾಯವನ್ನು ಮರೆತು ಈ ಹೋಲಿಕೆಯನ್ನು ಮಾಡುತ್ತಿಲ್ಲ. ನಾನು ಹೇಳುತ್ತಿರುವುದು ಇಷ್ಟೇ, ದೇಹಕ್ಕೆ ಹಿತವೆನಿಸಿದ ಮೇಲೂ ದಿನ ಎಣಿಸಿಕೊಂಡು ದೂರವಿರುವ ಶಿಸ್ತು ನಮಗೆ ಗೊತ್ತು. ಅದನ್ನು ನಿಜವಾಗಿ ಬೇಕಾದ ಜಾಗಕ್ಕೆ ಮಾತ್ರ ತರಲಿಲ್ಲ.

ಬೇಕಾದ ಜಾಗ ಇದೇ ಎನ್ನುವುದಕ್ಕೆ ಕಾರಣವಿದೆ. ಚಳಿಗಾಲದಲ್ಲಿ ಇಲ್ಲಿ ಮನೆಮನೆಗೂ ಬರುವ ಈ ಕಾಯಿಲೆಯ ಹಿಂದೆ ಸಾಮಾನ್ಯವಾಗಿ ಇರುವುದು ನೊರೊವೈರಸ್. ಅಮೆರಿಕದ ಓಹಿಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ 1968ರಲ್ಲಿ ಮಕ್ಕಳೂ ಶಿಕ್ಷಕರೂ ಒಟ್ಟಿಗೆ ವಾಂತಿಗೆ ತುತ್ತಾದಾಗಿನ ಮಾದರಿಗಳಲ್ಲಿ, 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಇದನ್ನು ಮೊದಲು ಕಂಡರು; ಹೆಸರೂ ಆ ಊರಿನದೇ. ಹತ್ತಾರು ಕಣಗಳಷ್ಟೇ ಒಳಹೊಕ್ಕರೂ ಇನ್ನೊಬ್ಬರನ್ನು ಮಲಗಿಸಲು ಸಾಕು. ಸೋಂಕು ತಗುಲಿದ 12ರಿಂದ 48 ಗಂಟೆಗಳೊಳಗೆ ಲಕ್ಷಣ ಕಾಣಿಸಿಕೊಂಡು, ಒಂದರಿಂದ ಮೂರು ದಿನಗಳಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ. ಆದರೆ ವಾಸಿಯಾದವನ ಮಲದಲ್ಲಿ ವೈರಸ್ಸು ಎರಡು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಹೊರಬೀಳುತ್ತಲೇ ಇರುತ್ತದೆ. ಎಂದರೆ 48 ಗಂಟೆ ಎಂಬುದು ಅಪಾಯ ಪೂರ್ತಿ ಮುಗಿದ ಗಳಿಗೆಯೇನೂ ಅಲ್ಲ, ಅತಿ ಹೆಚ್ಚು ಹರಡುವ ಅವಧಿಯನ್ನು ದಾಟಿಸುವ ಒಂದು ಒಪ್ಪಂದ. ಕಚೇರಿಯ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಈ ವೈರಸ್ಸಿನ ಮುಂದೆ ಅಷ್ಟಾಗಿ ನಡೆಯದು. ಸೋಪು ಮತ್ತು ಹರಿಯುವ ನೀರೇ ಆಗಬೇಕು. ಕೋವಿಡ್ ಕಾಲದಲ್ಲಿ ರೂಢಿಯಾದ ಆ ಬಾಟಲಿಯ ಮೇಲೆ ನಾವು ಇಟ್ಟಿರುವ ಭರವಸೆ ಇಲ್ಲಿ ಕೈಕೊಡುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಕಾಯಿಲೆಗೆ ನಾವು ಕೊಡುವ ಹೆಸರು. ಇಲ್ಲಿಯವರು ಇದನ್ನು 'ಟಮ್ಮಿ ಬಗ್' ಎನ್ನುತ್ತಾರೆ. ಹೊರಗಿನಿಂದ ಒಂದು ರೋಗಾಣು ಬಂದಿತು, ಬಂದದ್ದು ಮುಂದಕ್ಕೂ ಹೋದೀತು ಎಂಬ ಅರಿವು ಆ ಹೆಸರಿನಲ್ಲೇ ಇದೆ. ನಾವು 'ಹೊಟ್ಟೆ ಕೆಟ್ಟಿದೆ' ಎನ್ನುತ್ತೇವೆ. ಯಾಕೆ ಕೆಟ್ಟಿತು ಎಂದು ಕೇಳಿದರೆ ತಿಂದದ್ದು ಆಗಿಬರಲಿಲ್ಲ, ಉಷ್ಣವಾಯಿತು, ನೀರು ಬದಲಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರಗಳು ಎಷ್ಟೋ ಸಲ ನಿಜವೂ ಹೌದು. ಆದರೆ ಇವುಗಳಲ್ಲಿ ಕಾಯಿಲೆ ನನ್ನ ಹೊಟ್ಟೆಯಲ್ಲೇ ಹುಟ್ಟಿ ನನ್ನ ಹೊಟ್ಟೆಯಲ್ಲೇ ಮುಗಿಯುತ್ತದೆ. ಪಕ್ಕದ ಮೇಜಿನವನಿಗೆ ಅದರಲ್ಲಿ ಪಾತ್ರವೇ ಇಲ್ಲ. ಪತ್ರಿಕೆಗಳಲ್ಲಿ 'ವಾಂತಿಭೇದಿ', 'ಕರುಳುಬೇನೆ' ಎಂಬ ಪದಗಳು ಬಂದಾಗ ಮಾತ್ರ ಅದು ಸಾಂಕ್ರಾಮಿಕವೆಂದು ನಮಗೆ ಹೊಳೆಯುತ್ತದೆ, ಆಗಲೂ ತಪ್ಪು ಕೊಳವೆ ಒಡೆದು ಕಲುಷಿತವಾದ ನೀರಿನದೇ ಹೊರತು ಮನುಷ್ಯನ ಕೈಯದಲ್ಲ. ಹೀಗಾಗಿ ಕೆಲಸಕ್ಕೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮಲ್ಲಿ 'ನನ್ನ ಕೈಲಾಗುತ್ತದೆಯೇ' ಎಂಬಷ್ಟಕ್ಕೆ ನಿಲ್ಲುತ್ತದೆ. ಕೈಲಾದರೆ ಹೋಗುವುದು ಧರ್ಮ, ಕೈಲಾಗದಿದ್ದರೂ ಹೋಗುವುದು ದೊಡ್ಡತನ.

ಇದಕ್ಕೆ ಸಂಕೋಚವೂ ಸೇರಿಕೊಳ್ಳುತ್ತದೆ. ನಾನು ಕರ್ನಾಟಕದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಭೇದಿಯ ಕಾರಣಕ್ಕೆ ಹಾಕಿದ ರಜೆಗಳೆಲ್ಲ ಅರ್ಜಿಯಲ್ಲಿ ಜ್ವರವಾಗಿಯೇ ದಾಖಲಾಗಿವೆ. ಜ್ವರ ಮರ್ಯಾದಸ್ಥ ಕಾಯಿಲೆ. ಅದರ ಹೆಸರನ್ನು ಎಲ್ಲರೆದುರು ಹೇಳಬಹುದು, ಬರೆದು ಸಹಿ ಹಾಕಬಹುದು. 'ತೀವ್ರ ಜ್ವರದ ನಿಮಿತ್ತ' ಎಂಬ ಸಾಲು ಓದಿದ ಸಹೋದ್ಯೋಗಿಗಳು ನನ್ನ ಹಣೆ ಮುಟ್ಟಿ ನೋಡಿಯಾರೇ ಹೊರತು ನಲ್ಲಿಯನ್ನೂ ಬಾಗಿಲ ಹಿಡಿಯನ್ನೂ ಒರೆಸಬೇಕೆಂದು ಅವರಿಗೆ ಹೇಗೆ ತೋಚಬೇಕು? ಆ ಸುಳ್ಳಿನಿಂದ ನನ್ನ ಮಾನ ಉಳಿಯಿತು, ಆದರೆ ಅವರಿಗೆ ಬೇಕಿದ್ದ ಒಂದೇ ಒಂದು ಮಾಹಿತಿ ತಲುಪಲಿಲ್ಲ.

ರಜೆಯ ನಿಯಮಗಳೂ ಈ ಮನೋಭಾವವನ್ನು ಪೋಷಿಸುತ್ತವೆ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆಯನ್ನು ಕೊಡುತ್ತದೆ. ಆದರೆ ಅದು ಅನಾರೋಗ್ಯಕ್ಕೂ ಹೌದು, ಬೇರಾವುದೇ ಸಮಂಜಸ ಕಾರಣಕ್ಕೂ ಹೌದು. ಒಂದೇ ಡಬ್ಬಿಯಲ್ಲಿ ಮದುವೆ ಮುಂಜಿಯೂ ಹೊಟ್ಟೆನೋವೂ ಇದ್ದರೆ, ಯಾರು ತಾನೆ ವಾಸಿಯಾದ ಮೇಲಿನ ಎರಡು ದಿನಗಳನ್ನು ಕಾಯಿಲೆಗೆ ಕೊಟ್ಟಾರು? ಸರ್ಕಾರಿ ನೌಕರಿಯಲ್ಲಿ ಉಳಿಸಿದ ಗಳಿಕೆ ರಜೆ ನಿವೃತ್ತಿಯ ಹೊತ್ತಿಗೆ 300 ದಿನಗಳವರೆಗೆ ನಗದಾಗುತ್ತದೆ. ಅಲ್ಲಿ ರಜೆ ಎಂದರೆ ಉಳಿತಾಯ. ನನ್ನ ತಂದೆಯವರು ತಾವು ಉಳಿಸಿದ ರಜೆಯ ಲೆಕ್ಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ಅಭಿಮಾನದಿಂದ ಹೇಳುತ್ತಿದ್ದರು.

ಅದರ ಮೇಲೆ ವೈದ್ಯಕೀಯ ಪ್ರಮಾಣಪತ್ರ. ಎರಡು ಮೂರು ದಿನದ ಹೊಟ್ಟೆಯ ತೊಂದರೆಗೂ ಚೀಟಿ ತಾ ಎನ್ನುವ ಸಂಸ್ಥೆಗಳಿವೆ. ಮನೆಯಲ್ಲಿ ಮಲಗಿ, ಓಆರ್‌ಎಸ್ ಕುಡಿಯುತ್ತ ಇರಬೇಕಾದವನು ಕ್ಲಿನಿಕ್ಕಿನ ಬೆಂಚಿನ ಮೇಲೆ ಪುಟ್ಟ ಮಕ್ಕಳ ಮತ್ತು ಮುದುಕರ ನಡುವೆ ಒಂದು ಗಂಟೆ ಕೂರುತ್ತಾನೆ, ಚಿಕಿತ್ಸೆಗಾಗಿ ಅಲ್ಲ, ಸಹಿಗಾಗಿ. ಬ್ರಿಟನ್ನಿನಲ್ಲಿ ರಜಾದಿನಗಳೂ ಸೇರಿದಂತೆ ಏಳು ದಿನಗಳವರೆಗಿನ ಅನಾರೋಗ್ಯಕ್ಕೆ ನೌಕರನ ಸ್ವಂತ ಹೇಳಿಕೆಯೇ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತ್ರ, 2010ರಿಂದ 'ಫಿಟ್ ನೋಟ್' ಎಂದು ಕರೆಯುವ ವೈದ್ಯಕೀಯ ಪತ್ರ ಬೇಕಾಗುತ್ತದೆ. ದೊಡ್ಡವರ ಮಾತನ್ನು ಒಂದು ವಾರದ ಮಟ್ಟಿಗೆ ನಂಬಬಹುದು ಎಂಬ ಈ ಸರಳ ವಿಚಾರವನ್ನು ನಮ್ಮವರು ಎರವಲು ಪಡೆದರೆ ಖಜಾನೆಯೇನೂ ಬರಿದಾಗದು.

ಇಷ್ಟು ಹೇಳಿದ ಮೇಲೆ ಇಂಗ್ಲೆಂಡೇ ಸರಿ ಎಂದು ನಿಲ್ಲಿಸಿಬಿಡುವುದು ಸುಲಭ. ಆದರೆ ನನ್ನಂತೆ ಪೂರ್ತಿ ಸಂಬಳ ಬರುವ ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರ ಹಾಗೆ ಕಾಣುತ್ತದೆ. ಕಾನೂನು ಕಡ್ಡಾಯಪಡಿಸಿದ ಅನಾರೋಗ್ಯ ವೇತನವನ್ನಷ್ಟೇ ನಂಬಿದವರಿಗೆ ಬಹುಕಾಲ ಮೊದಲ ಮೂರು ಕೆಲಸದ ದಿನಗಳಿಗೆ ಏನೂ ಸಿಗುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ: ಒಂದೆರಡು ದಿನ ಕಾಯಿಲೆ, ಆಮೇಲೆ 48 ಗಂಟೆ, ಒಟ್ಟು ಮೂರು ನಾಲ್ಕು ದಿನ. ಹೆಚ್ಚುಕಡಿಮೆ ಇಡೀ ಅವಧಿ ಸಂಬಳವಿಲ್ಲದ ದಿನಗಳಲ್ಲೇ ಕರಗಿಹೋಗುತ್ತದೆ. 2024-25ರಲ್ಲಿ ಈ ವೇತನ ವಾರಕ್ಕೆ 116.75 ಪೌಂಡು ಇತ್ತು. ವಾರಕ್ಕೆ ಐದು ದಿನ ದುಡಿಯುವವರು ನಾಲ್ಕು ಕೆಲಸದ ದಿನ ಮನೆಯಲ್ಲಿದ್ದರೆ ಕೈಗೆ ಬರುತ್ತಿದ್ದುದು ಒಂದು ದಿನದ 23.35 ಪೌಂಡು. ವೃದ್ಧಾಶ್ರಮಗಳಲ್ಲಿ ಹಿರಿಯರನ್ನು ಎತ್ತಿ ಕೂರಿಸುವ, ತುತ್ತು ಕೊಡುವ ಕೆಲಸಗಾರರಲ್ಲಿ ಹಲವರು ಇದೇ ವೇತನವನ್ನು ನಂಬಿದವರು, ಮತ್ತು ನೊರೊವೈರಸ್ ಹೆಚ್ಚು ಹಾನಿ ಮಾಡುವುದೂ ಆ ಹಿರಿಯರಿಗೇ. ಯಾರು ಖಂಡಿತವಾಗಿ ಮನೆಯಲ್ಲಿರಬೇಕಾಗಿತ್ತೋ ಅವರನ್ನೇ ಕಾನೂನು ಕೆಲಸಕ್ಕೆ ದೂಡುತ್ತಿತ್ತು. ಆ ಮೂರು ದಿನಗಳ ಕಾಯುವಿಕೆಯನ್ನು 2026ರ ಏಪ್ರಿಲ್‌ನಿಂದ ಅನ್ವಯವಾಗುವಂತೆ ತೆಗೆದುಹಾಕಲು 2025ರ ಉದ್ಯೋಗ ಹಕ್ಕುಗಳ ಕಾಯ್ದೆಯೇ ಬರಬೇಕಾಯಿತು. ನಮ್ಮಲ್ಲಿನ ಕಾರ್ಮಿಕರ ವಿಮೆಯಾದ ಇಎಸ್ಐ ಯೋಜನೆಯದೂ ಇದೇ ಹಾದಿ. ಅಲ್ಲಿ ಅನಾರೋಗ್ಯದ ಅವಧಿಗೆ ಕೂಲಿಯ ಶೇಕಡ 70ರಷ್ಟು ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಾಂತಿಭೇದಿ ಬಂದು ಹೋಗುವುದೇ ಆ ಎರಡು ದಿನಗಳಲ್ಲಿ.

ಆದ್ದರಿಂದ 48 ಗಂಟೆಯ ನಿಯಮ ಒಳ್ಳೆಯದೆಂದು ನಾನು ಹೇಳುವಾಗ, ಅದು ಸಂಬಳದ ಜೊತೆಗೆ ಬಂದರೆ ಮಾತ್ರ ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ. ಅಡುಗೆಮನೆಗಳ ವಿಷಯವೇ ಇದಕ್ಕೆ ಸಾಕ್ಷಿ. ಭೇದಿಯಂಥ ಸೋಂಕು ಇರುವವರು ಆಹಾರ ಮುಟ್ಟಬಾರದೆಂದು ಬ್ರಿಟನ್ನಿನ ಆಹಾರ ಸುರಕ್ಷತೆಯ ಸಂಸ್ಥೆಯೂ ಹೇಳುತ್ತದೆ, ಭಾರತದ 2011ರ ಆಹಾರ ಸುರಕ್ಷತಾ ನಿಯಮಗಳೂ ಹೇಳುತ್ತವೆ. ಮಾತು ಎರಡೂ ಕಡೆ ಒಂದೇ. ದಿನಗೂಲಿಯ ಅಡುಗೆಯವನು ಆ ದಿನದ ಕೂಲಿ ಬಿಟ್ಟು ಮನೆಗೆ ಹೋಗುತ್ತಾನೆಯೇ ಎಂಬುದು ಮಾತ್ರ ಬೇರೆ ಪ್ರಶ್ನೆ.

ಮನೆಯಿಂದಲೇ ದುಡಿಯುವ ಪದ್ಧತಿ ಬಂದ ಮೇಲೆ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಕದಡಿದೆ. ಲ್ಯಾಪ್‌ಟಾಪಿನ ಮೂಲಕ ವೈರಸ್ಸು ಹರಡುವುದಿಲ್ಲವಾದ್ದರಿಂದ 48 ಗಂಟೆ ಕಾಯಬೇಕಿಲ್ಲ, ಹಾಗಿದ್ದರೆ ಈಗಲೇ ಸಭೆಗೆ ಸೇರಿಕೊಳ್ಳಬಹುದಲ್ಲ ಎಂಬ ವಾದ ಎರಡೂ ದೇಶಗಳಲ್ಲಿ ಕೇಳಿಬರುತ್ತದೆ. ಇತರರಿಗೆ ಹರಡುವುದು ಬೇರೆ, ನನ್ನಲ್ಲಿ ತ್ರಾಣವಿರುವುದು ಬೇರೆ. ನೀರೂ ಲವಣವೂ ಬಸಿದುಹೋದ ದೇಹ ಕುಳಿತಲ್ಲಿಯೂ ದಣಿಯುತ್ತದೆ. ಬಚ್ಚಲು ಮನೆಗೆ ಓಡಲು ಅನುಕೂಲವಾಗಲೆಂದು ಕ್ಯಾಮೆರಾ ಆರಿಸಿಕೊಂಡು ಸಭೆಯಲ್ಲಿ ಕುಳಿತದ್ದು ನನ್ನ ಅನುಭವದಲ್ಲೂ ಇದೆ. ಅದನ್ನು ಹೆಮ್ಮೆಯಿಂದ ಹೇಳುವ ವಯಸ್ಸು ದಾಟಿದೆ.

ಕಳೆದ ಚಳಿಗಾಲದಲ್ಲಿ, ಹೊಸದಾಗಿ ಇಲ್ಲಿಗೆ ಕೆಲಸಕ್ಕೆ ಬಂದಿರುವ ನಮ್ಮ ಕಡೆಯ ಹುಡುಗನೊಬ್ಬ ಒಂದು ಮಂಗಳವಾರ ಬೆಳಿಗ್ಗೆ ಫೋನು ಮಾಡಿದ. "ಅಣ್ಣ, ನಿನ್ನೆ ಪೂರ್ತಿ ಹೊಟ್ಟೆ ಸರಿಯಿರಲಿಲ್ಲ. ಈಗ ಆರಾಮಾಗಿದ್ದೀನಿ, ಆಫೀಸಿಗೆ ಹೋಗಲಾ?" ಎಂದು ಕೇಳಿದ. ಕೊನೆಯ ಸಲ ಎಷ್ಟು ಹೊತ್ತಿಗೆ ಎಂದು ನಾನು ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ನಾಚಿಕೊಂಡು, ರಾತ್ರಿ ಹತ್ತಕ್ಕೆ ಎಂದ. ಬುಧವಾರ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ಗುರುವಾರ ಹೋಗು ಎಂದೆ. ಅವನಿಗೆ ಅದು ಒಪ್ಪಿಗೆಯಾಯಿತು, ಆದರೆ ಫೋನು ಇಡಲಿಲ್ಲ.

"ಸರಿ ಅಣ್ಣ. ಮೆಸೇಜಿನಲ್ಲಿ ಜ್ವರ ಅಂತ ಹಾಕಲಾ?"