ಸಾಸಿವೆ ಕಥೆ ಹೇಳಲು ಬಂದವರು

ನಿನ್ನೆ ಚಿಕ್ಕಪ್ಪನ ಮಗಳ ಮನೆಗೆ ಹೋಗಿದ್ದೆ. ವಿಷಯ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಹುಟ್ಟಿ ಒಂಬತ್ತು ದಿನಕ್ಕೆ ಕೂಸು ಹೋಯಿತು. ಹೋಗಿ ಇನ್ನೂ ಐದು ದಿನ. ಅಲ್ಲಿಂದ ಬಂದಾಗಿನಿಂದ ನನ್ನ ತಲೆ ಕೆಟ್ಟಿದೆ, ಬೈಕೋಬೇಡಿ.

ನಾನಿದ್ದ ಎರಡು ಗಂಟೆಯಲ್ಲಿ ಐದು ಜನ ಬಂದರು. ಒಬ್ಬ ಹಿರಿಯರು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, "ಕಿಸಾಗೌತಮಿ ಅಂತ ಒಬ್ಬಳಿದ್ದಳಮ್ಮ" ಅಂತ ಶುರು ಮಾಡಿದರು. ಸಾವಿಲ್ಲದ ಮನೆಯ ಸಾಸಿವೆ! ಯಾರಿಗೆ ಗೊತ್ತಿಲ್ಲ ಸ್ವಾಮಿ ಅದು?

ಎದುರಿಗೆ ಕೂತವಳಿಗೆ ಎದೆ ಬಿಗಿದು ಜ್ವರ. ಕೂಸು ಹೋದದ್ದು ಹಾಲಿಗೆ ಇನ್ನೂ ಗೊತ್ತಾಗಿಲ್ಲ. ಹಾಲು ಬತ್ತಲಿ ಅಂತ ಅಜ್ಜಿ ಎದೆಗೆ ಮಲ್ಲಿಗೆ ಕಟ್ಟಿದ್ದಾರೆ. ಹಳೇ ಕಾಲದ ಮದ್ದು. ಮುಡಿಯುವ ಹೂವನ್ನು ಹಾಗೆ ಕಟ್ಟಿಕೊಂಡು ಅವಳು ಕಥೆಗೆ ತಲೆಯಾಡಿಸುತ್ತಿದ್ದಳು. ಬಂದವರಿಗೆ ಬೇಜಾರಾಗಬಾರದಲ್ವಾ!

ಇನ್ನೊಬ್ಬರು, "ಇನ್ನೂ ವಯಸ್ಸಿದೆ, ಇನ್ನೊಂದಾಗತ್ತೆ ಬಿಡು." ಮತ್ತೊಬ್ಬರು, "ನಿಂಗೆ ಸೆಂಟ್ರಲ್ ಗೌರ್ಮೆಂಟ್ ಕೆಲಸ, ರಜೆ ಇದ್ಯಲ್ಲ, ರೆಸ್ಟ್ ತಗೋ." ಹೌದು, ಹುಟ್ಟಿದ 28 ದಿನದೊಳಗೆ ಮಗು ತೀರಿಕೊಂಡರೆ ಕೇಂದ್ರ ಸರ್ಕಾರಿ ನೌಕರಿಯ ತಾಯಿಗೆ 60 ದಿನ ವಿಶೇಷ ರಜೆ ಅಂತ 2022ರಲ್ಲಿ ಆದೇಶವಾಗಿದೆ. ಸರ್ಕಾರಕ್ಕೂ ಅರವತ್ತು ದಿನ ಬೇಕು ಅನ್ನಿಸಿದೆ. ನಮ್ಮ ನೆಂಟರಿಗೆ ಐದೇ ದಿನ ಸಾಕು.

ಅಲ್ಲ, ಆ ಕಥೆಯನ್ನಾದರೂ ನೆಟ್ಟಗೆ ಓದಿದ್ದಾರಾ? ಬುದ್ಧ ಅವಳನ್ನು ಕೂರಿಸಿಕೊಂಡು ಭಾಷಣ ಬಿಗಿಯಲಿಲ್ಲ. ಮನೆಮನೆಗೆ ಕಳಿಸಿದ. ಶ್ರಾವಸ್ತಿಯ ಜನ ಬಾಗಿಲಲ್ಲಿ ನಿಂತು ತಮ್ಮ ಮನೆಯ ಸಾವು ಹೇಳಿಕೊಂಡರು. ಕಂಕುಳಿಂದ ಕೂಸನ್ನು ಕೊನೆಗೆ ಇಳಿಸಿದ್ದು ಅವಳೇ. ಅದಕ್ಕೂ ಮೊದಲು, ಸತ್ತ ಕೂಸಿಗೆ ಮದ್ದು ಕೇಳ್ತಾಳೆ ಅಂತ ನಕ್ಕವರೂ ಊರಲ್ಲಿದ್ದರು. ನಮ್ಮ ಹಿರಿಯರು ಬುದ್ಧನ ಕಡೆಯವರು ಅಂದುಕೊಂಡಿದ್ದಾರೆ, ಪಾಪ.

ಐದು ಜನದಲ್ಲಿ ಒಬ್ಬರೂ ಕೂಸಿನ ಬಗ್ಗೆ ಕೇಳಲಿಲ್ಲ. ಯಾರ ಹಾಗಿತ್ತು, ಕಣ್ಣು ಬಿಟ್ಟು ನೋಡ್ತಿತ್ತಾ, ಏನೂ ಇಲ್ಲ. ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ತೊಟ್ಟಿಲು ಅಟ್ಟ ಸೇರಿತ್ತು. ನಮ್ಮ ಕಡೆ ಹಲ್ಲು ಬಾರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಎಲ್ಲಿ ಅಂತ ಅವಳಿಗೆ ಇನ್ನೂ ತೋರಿಸಿಲ್ಲ. ಹೆಣ್ಣುಮಕ್ಕಳು ಅಲ್ಲಿಗೆ ಹೋಗಬಾರದಂತೆ. ಹೆರುವುದಕ್ಕೆ ಮಾತ್ರ ಹೋಗಬಹುದು.

"ಒಳ್ಳೇ ಮನಸ್ಸಿಂದಲೇ ಹೇಳ್ತಾರೆ, ಅಂಥ ಹೊತ್ತಲ್ಲಿ ಏನು ಮಾತಾಡೋದು ತೋಚಲ್ಲ" ಅಂತ ಈಗ ಯಾರೋ ಕಾಮೆಂಟ್ ಹಾಕುತ್ತೀರಿ. ಗೊತ್ತು. ತೋಚದಿದ್ದರೆ ಸುಮ್ನೆ ಕೂತಿರಿ. ಅದೂ ಆಗದಿದ್ದರೆ ನೀವೇ ಕುಡಿದ ಲೋಟಗಳು ಸಿಂಕಿನಲ್ಲಿವೆ, ತೊಳೆದು ಹೋಗಿ.

ಇಷ್ಟೆಲ್ಲ ಕೂಗಾಡುವ ನಾನೂ ಸಾಚಾ ಅಲ್ಲ. ನನಗಿಂತ ಮೊದಲು ಅಮ್ಮನಿಗೆ ಒಂದು ಗಂಡುಮಗು ಆಗಿ ಹೋಗಿತ್ತು. ಅಜ್ಜಿ ಒಂದು ಸಲ ಬಾಯಿ ತಪ್ಪಿ ಅಂದಿದ್ದು ಬಿಟ್ಟರೆ ಮನೆಯಲ್ಲಿ ಆ ಮಾತೇ ಇರಲಿಲ್ಲ. ನಾನೂ ಯಾವತ್ತೂ ಕೇಳಿರಲಿಲ್ಲ. 2011ರ ಫೆಬ್ರವರಿಯಲ್ಲಿ ಜನಗಣತಿಗೆ ಮೇಷ್ಟ್ರೊಬ್ಬರು ಬಂದರು. ಮದುವೆಯಾದ ಹೆಂಗಸರಿಗೆ ಅದರಲ್ಲಿ ಎರಡು ಪ್ರಶ್ನೆ ಇದ್ದವು, ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು.

"ನಾಲ್ಕು ಹುಟ್ಟಿದ್ವು. ಮೂರಿವೆ" ಅಂದಳು ಅಮ್ಮ. ಆಮೇಲೆ ಅವರು ಕೇಳದಿದ್ದರೂ, "ಮೊದಲನೇದು ಗಂಡು. ತಲೆ ತುಂಬ ಕೂದಲಿತ್ತು" ಅಂದಳು. ಮೇಷ್ಟ್ರು ಪೆನ್ನು ನಿಲ್ಲಿಸಿ ಕೇಳಿಸಿಕೊಂಡರು. ಅಮ್ಮ ಒಳಗೆ ಹೋಗಿ ಅವರಿಗೆ ಇನ್ನೊಂದು ಲೋಟ ಕಾಫಿ ತಂದಳು.

ಅವರು ಅತ್ತ ಹೋಗುತ್ತಲೇ ನಾನು ರೇಗಿದೆ. "ಯಾರೋ ಏನೋ, ಅವರ ಹತ್ರ ಅದೆಲ್ಲ ಯಾಕೆ ಹೇಳೋಕೆ ಹೋದೆ?"

"ಕೇಳಿದ್ರಲ್ಲ" ಅಂದಳು.