ಸೂರ್ಯ ಸಮಭಾಜಕಕ್ಕೆ ಬಂದರೆ ಬೆಂಗಳೂರು ಕುದಿಯುತ್ತದೆಯೇ?

ಮಾರ್ಚ್ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಸಂದೇಶ ಮತ್ತೆ ಓಡಾಡುತ್ತದೆ: ಸೂರ್ಯ ಸಮಭಾಜಕ ವೃತ್ತದ ನೇರಕ್ಕೆ ಬಂದಿದ್ದಾನೆ, ಐದು ದಿನ ವಿಪರೀತ ಬಿಸಿಲು, ಹೊರಗೆ ಹೋಗಬೇಡಿ. ಕಳಿಸುವವರು ಕಾಳಜಿಯಿಂದಲೇ ಕಳಿಸುತ್ತಾರೆ. ನೀರು ಜಾಸ್ತಿ ಕುಡಿಯಿರಿ ಅನ್ನೋ ಮಾತೂ ಸರಿಯೇ. ಕೊಟ್ಟಿರುವ ಕಾರಣ ಮಾತ್ರ ತಪ್ಪು.

ಸೂರ್ಯ ಹಾಗೆ ಬರುವುದು ಪ್ರತಿ ವರ್ಷ ಎರಡು ಸಲ, ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಮಭಾಜಕದಿಂದ 1,400 ಕಿ.ಮೀ.ಗೂ ದೂರ. ಆ ದಿನ ಸೂರ್ಯ ನಮ್ಮ ನೆತ್ತಿಗೆ ಬರುವುದೇ ಇಲ್ಲ! ಬರುವುದು ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಆಗಸ್ಟ್‌ನಲ್ಲಿ ನಮಗೆ ಮೋಡ, ಮಳೆ, ಅಲ್ವಾ? ಚೆನ್ನೈ ಕೂಡ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ. ಆದರೂ ಬೆಂಗಳೂರು ತಂಪು, ಏಕೆಂದರೆ ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ಬಿಸಿಲಿನ ಝಳಕ್ಕೆ ಮೋಡ, ಗಾಳಿ, ಎತ್ತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇಂಥ ಸಂದೇಶ ಬಂದಾಗ ಮೊದಲು ಅದರಲ್ಲಿ ಇಸವಿ ಇದೆಯಾ, ಯಾವ ಊರಿಗೆ ಅಂತ ಹೇಳಿದೆಯಾ ನೋಡಿ. ಹವಾಮಾನ ಇಲಾಖೆಯ ಜಾಲತಾಣದಲ್ಲಿ ಆ ದಿನದ ಮುನ್ಸೂಚನೆ ಸಿಗುತ್ತದೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಮಾರ್ಚ್ 20ರ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಟೆರೇಸ್ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಸುಮಾರು 23 ಸೆಂಟಿಮೀಟರ್ ನೆರಳು ಉತ್ತರಕ್ಕೆ ಬೀಳುತ್ತದೆ. ಸೂರ್ಯ ನೆತ್ತಿಯ ಮೇಲಿದ್ದರೆ ನೆರಳು ಕೋಲಿನ ಬುಡದಲ್ಲೇ ಅಡಗುತ್ತಿತ್ತು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಏಪ್ರಿಲ್ 24ಕ್ಕೆ ಅದೇ ಕೋಲನ್ನು ಮತ್ತೆ ನಿಲ್ಲಿಸಿ, 12 ಗಂಟೆ 18 ನಿಮಿಷದ ಸುಮಾರಿಗೆ.